ಬೆಂಗಳೂರಿನಲ್ಲಿ ಸೇಫ್ ಏರಿಯಾ ಹುಡುಕುವುದು ಹೇಗೆ?

"ಬೆಂಗಳೂರಲ್ಲಿ ಸೇಫ್ ಏರಿಯಾ ಯಾವುದು?" ಮೇ, ಜೂನ್ ಬಂತು ಅಂದರೆ ಈ ಪ್ರಶ್ನೆ ಜಾಸ್ತಿ ಆಗುತ್ತದೆ. ಮಗಳಿಗೆ ಕಾಲೇಜ್ ಸೀಟ್ ಸಿಕ್ಕಿರುತ್ತದೆ, ಮಗನಿಗೆ ಕೆಲಸ ಸಿಕ್ಕಿರುತ್ತದೆ, ಇಲ್ಲವೇ ವಯಸ್ಸಾದ ಅಪ್ಪ ಅಮ್ಮನನ್ನು ಊರಿಂದ ಕರೆಸಿಕೊಳ್ಳಬೇಕಾಗಿರುತ್ತದೆ. ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರು, ಎಲ್ಲ ಕಡೆಯವರೂ ಇದನ್ನೇ ಕೇಳುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ಪಟ್ಟಿ. ಈ ಐದು ಏರಿಯಾ ಓಕೆ, ಈ ಐದು ಬೇಡ ಅಂತ.

ಅಂಥ ಪಟ್ಟಿ ನಾನು ಕೊಡುವುದಿಲ್ಲ. ಕೊಟ್ಟರೆ ನಿಮಗೆ ಸುಳ್ಳು ಧೈರ್ಯ ಕೊಟ್ಟಂತೆ ಆಗುತ್ತದೆ. ಹೆಸರುವಾಸಿ ಬಡಾವಣೆಗಳಲ್ಲೂ ರಾತ್ರಿ ಒಂಬತ್ತು ದಾಟಿದರೆ ಒಂದು ನರಪಿಳ್ಳೆಯೂ ಕಾಣದ ಅಡ್ಡರಸ್ತೆಗಳಿವೆ. "ಅಯ್ಯೋ ಅಲ್ಲಾ?" ಅಂತ ಜನ ಮೂಗು ಮುರಿಯುವ ಏರಿಯಾಗಳಲ್ಲೂ ಹತ್ತು ಗಂಟೆವರೆಗೆ ಹೆಂಗಸರು ಬಾಗಿಲಲ್ಲಿ ಕೂತು ಮಾತಾಡುವ ಬೀದಿಗಳಿವೆ. ನೀವು ಬಾಡಿಗೆ ಕೊಡುವುದು ಒಂದು ಮನೆಗೆ. ದಿನಾ ಓಡಾಡುವುದು ಒಂದೆರಡು ರಸ್ತೆಯಲ್ಲಿ. ಪರೀಕ್ಷೆ ಮಾಡಬೇಕಾದ್ದು ಅದನ್ನೇ. ಹೇಗೆ ಅಂತ ಕೆಳಗೆ ಒಂದೊಂದೇ ಹಂತವಾಗಿ ಹೇಳುತ್ತೇನೆ.

ಇದಕ್ಕೆ ಬೇಕಾಗುವುದು ಎರಡು ವಾರದ ಪುರುಸೊತ್ತು, ಜೊತೆಗೆ ಬರುವ ಒಬ್ಬರು, ಮ್ಯಾಪ್ ಇರುವ ಮೊಬೈಲ್, ನಡೆಯಲು ಆಗುವ ಚಪ್ಪಲಿ. ಊರಿಂದಲೇ ಫೋಟೊ ನೋಡಿ ಮನೆ ಫಿಕ್ಸ್ ಮಾಡಬೇಡಿ. ಮೊದಲು ನೆಂಟರ ಮನೆಯಲ್ಲೋ ತಿಂಗಳ ಲೆಕ್ಕದ ಪಿಜಿಯಲ್ಲೋ ಇಳಿದುಕೊಳ್ಳಿ. ಪಿಜಿಯಲ್ಲಿ ದೊಡ್ಡ ಅಡ್ವಾನ್ಸ್ ಕೇಳಿದರೆ ಬೇಡ ಅನ್ನಿ. ಅಲ್ಲಿದ್ದುಕೊಂಡು ನಿಧಾನವಾಗಿ ಹುಡುಕಿ.

1. ನಿಮ್ಮ ದಿನಚರಿ ಬರೆದುಕೊಳ್ಳಿ

ಮನೆಯಲ್ಲಿ ಯಾರು ಯಾರು ಇರುತ್ತಾರೆ, ಎಷ್ಟು ಹೊತ್ತಿಗೆ ಹೊರಡುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಸುಲಭ ಅನ್ನಿಸಬಹುದು, ಆದರೆ ಬಹಳ ಜನ ಇದನ್ನೇ ಬಿಡುತ್ತಾರೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಬೆಳಗ್ಗೆ ಐದೂವರೆಗೆ ಹೊರಡಬೇಕು. ಅವರಿಗೆ ಸಂಜೆಯ ಗಿಜಿಗಿಜಿ ಲೆಕ್ಕಕ್ಕಿಲ್ಲ, ನಸುಕಿನಲ್ಲಿ ರಸ್ತೆ ಹೇಗಿರುತ್ತದೆ ಅನ್ನುವುದು ಮುಖ್ಯ. ರಾತ್ರಿ ಪಾಳಿಯ ಐಟಿ ಕೆಲಸದವರು ಕಂಪನಿ ಕ್ಯಾಬ್ ಮನೆ ಬಾಗಿಲವರೆಗೆ ಬರುತ್ತದೋ ಮುಖ್ಯರಸ್ತೆಯಲ್ಲೇ ಇಳಿಸುತ್ತದೋ ಅಂತ ಮೊದಲೇ ಕೇಳಿಕೊಳ್ಳಬೇಕು. ಎರಡು ಬೈಕ್ ನಿಲ್ಲಿಸಿದರೆ ಕಾರು ನುಗ್ಗದಂಥ ಗಲ್ಲಿಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ. ಹಗಲೆಲ್ಲ ಒಬ್ಬರೇ ಇರುವ ಅಜ್ಜಿ ತಾತನಿಗೆ ಅಪಾಯದ ಹೊತ್ತು ಮಧ್ಯಾಹ್ನ. ಎಲ್ಲರೂ ಆಫೀಸಿಗೆ ಹೋಗಿ ಇಡೀ ಬೀದಿ ಖಾಲಿ ಆಗುವುದು ಆಗಲೇ. ಚಿಕ್ಕ ಮಕ್ಕಳಿದ್ದರೆ ಕಳ್ಳರಿಗಿಂತ ನೀರಿನ ಟ್ಯಾಂಕರ್ ಲಾರಿಗಳ ಓಡಾಟಕ್ಕೆ ಹೆಚ್ಚು ಹೆದರಬೇಕು.

ಹಾಳೆಯಲ್ಲಿ ಬರೆದ ಆ ಹೊತ್ತುಗಳಿಗೆ ಗೆರೆ ಎಳೆಯಿರಿ. ರಸ್ತೆ ನೋಡಲು ಹೋಗಬೇಕಾದ್ದು ಅದೇ ಹೊತ್ತಿಗೆ.

2. ಮ್ಯಾಪ್‌ನಲ್ಲಿ ಮೂರು ಜಾಗ ಗುರುತು ಹಾಕಿ

ಆಫೀಸ್ ಅಥವಾ ಕಾಲೇಜನ್ನು ಮೊದಲು ಗುರುತಿಸಿ. ಆಮೇಲೆ ಮೆಟ್ರೊ ನೋಡಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಇದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಮೆಟ್ರೊಗೂ ಸುರಕ್ಷತೆಗೂ ಏನು ಸಂಬಂಧ? ತುಂಬಾ ಇದೆ. ನಿಲ್ದಾಣದಲ್ಲಿ ಬೆಳಕಿರುತ್ತದೆ, ಸಿಬ್ಬಂದಿ ಇರುತ್ತಾರೆ, ಕ್ಯಾಮೆರಾ ಇರುತ್ತದೆ. ರಾತ್ರಿ ಅಪರಿಚಿತ ಜಾಗದಲ್ಲಿ ಆಟೊಗಾಗಿ ಕಾಯುವುದು ತಪ್ಪುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಅಲ್ಲೇ ಪಕ್ಕದ ಹೊಸ ಲೇಔಟ್‌ನಲ್ಲಿ ಇರಬೇಕೆಂದೇನಿಲ್ಲ. ಜಯನಗರ, ಬನಶಂಕರಿ ಕಡೆ ಚಿಕ್ಕ ಮನೆ ಮಾಡಿಕೊಂಡು ರೈಲಿನಲ್ಲಿ ಹೋಗಿಬರಬಹುದು. ನನ್ನನ್ನು ಕೇಳಿದರೆ, ದೊಡ್ಡ ಮನೆಗಿಂತ ನಿಲ್ದಾಣದಿಂದ ಹತ್ತು ನಿಮಿಷ ನಡೆಯುವಷ್ಟು ದೂರದ ಚಿಕ್ಕ ಮನೆ ಮೇಲು.

ಬಡಾವಣೆ ಹೇಗೆ ಹುಟ್ಟಿತು ಅನ್ನುವುದನ್ನೂ ತಿಳಿದುಕೊಳ್ಳಿ. ಬಸವನಗುಡಿ, ಮಲ್ಲೇಶ್ವರ ಯೋಜನೆ ಹಾಕಿ ಕಟ್ಟಿದವು, 1898ರ ಪ್ಲೇಗ್ ಆದಮೇಲೆ ಬೆಳೆದವು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಇಲ್ಲಿ ರಸ್ತೆ ಅಗಲ, ಚರಂಡಿ ಇದೆ, ಪಾರ್ಕ್ ಇದೆ, ಅಂಗಡಿಗೆ ನಡೆದು ಹೋಗಬಹುದು. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಮಾಡಿದ ಲೇಔಟ್‌ಗಳಲ್ಲೂ ಸಾಮಾನ್ಯವಾಗಿ ಹೀಗೇ. ರೆವಿನ್ಯೂ ಲೇಔಟ್ ಅನ್ನುವುದು ಬೇರೆ. ಹೊಲವನ್ನು ಸರಿಯಾದ ಅನುಮೋದನೆ ಇಲ್ಲದೆ ಸೈಟ್ ಮಾಡಿ ಮಾರಿದ ಜಾಗ ಅದು. ಅಲ್ಲಿ ರಸ್ತೆ ಇಕ್ಕಟ್ಟು, ಬೀದಿದೀಪ ತಡವಾಗಿ ಬರುತ್ತದೆ, ಚರಂಡಿ ಅರ್ಧಕ್ಕೇ ನಿಂತಿರುತ್ತದೆ. ಹಾಗಂತ ರೆವಿನ್ಯೂ ಲೇಔಟ್ ಎಲ್ಲವೂ ಕೆಟ್ಟದ್ದಲ್ಲ. ಇಪ್ಪತ್ತು ವರ್ಷದಿಂದ ಜನ ತುಂಬಿಕೊಂಡು ಚೆನ್ನಾಗಿ ನೆಲೆಯೂರಿದ ಬೀದಿಗಳೂ ಇವೆ. ಅರ್ಧ ಸೈಟ್ ಖಾಲಿ, ಅರ್ಧ ಕಟ್ಟಡ ಏಳುತ್ತಿರುವ ಹಂತದಲ್ಲಿ ಮಾತ್ರ ಒಬ್ಬರೇ ಹೋಗಿ ಇರಬೇಡಿ.

ಇಲ್ಲೊಂದು ಎಚ್ಚರಿಕೆ. ಬ್ರೋಕರ್‌ಗಳು ಏರಿಯಾ ಹೆಸರನ್ನು ರಬ್ಬರಿನ ಹಾಗೆ ಎಳೆಯುತ್ತಾರೆ. ಜಾಹೀರಾತಿನಲ್ಲಿ "ಎಚ್‌ಎಸ್‌ಆರ್ ಲೇಔಟ್" ಅಂತ ಇರುತ್ತದೆ, ಹೋಗಿ ನೋಡಿದರೆ ಮನೆ ಎರಡು ಕಿಲೋಮೀಟರ್ ಆಚೆ. ಮನೆ ನೋಡಲು ಹೊರಡುವ ಮೊದಲೇ ಲೊಕೇಶನ್ ಪಿನ್ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಆ ಮನೆ ಬಿಟ್ಟುಬಿಡಿ.

3. ಪೊಲೀಸ್ ಲೆಕ್ಕವನ್ನು ಹೇಗೆ ಓದಬೇಕು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ವರದಿಯಲ್ಲಿ ಸಿಗುವುದು ಇಡೀ ಬೆಂಗಳೂರಿನ ಅಂಕಿಅಂಶ. ನಿಮ್ಮ ರಸ್ತೆಯ ವಿಷಯ ಅದು ಹೇಳುವುದಿಲ್ಲ. ಕರ್ನಾಟಕ ಪೊಲೀಸರ ವೆಬ್‌ಸೈಟಿನಲ್ಲಿ ಠಾಣೆ ಆರಿಸಿ ಎಫ್‌ಐಆರ್‌ಗಳನ್ನು ನೋಡಬಹುದು. ಎಫ್‌ಐಆರ್ ಅಂದರೆ ದೂರು ಬಂದ ತಕ್ಷಣ ಪೊಲೀಸರು ದಾಖಲಿಸುವ ಮೊದಲ ವರದಿ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಅಲ್ಲಿ ಹಾಕುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಇಲ್ಲ ಅಂದರೆ ನಡೆದಿಲ್ಲ ಅಂತ ಅರ್ಥವಲ್ಲ.

ಜಾಸ್ತಿ ಎಫ್‌ಐಆರ್ ಇದ್ದರೆ ಕೆಟ್ಟ ಏರಿಯಾ ಅಂತ ತೀರ್ಮಾನಿಸಬೇಡಿ. ಮೆಜೆಸ್ಟಿಕ್, ಚಿಕ್ಕಪೇಟೆ ಕಡೆ ದಿನಾ ಲಕ್ಷಾಂತರ ಜನ ಓಡಾಡುತ್ತಾರೆ, ಜೇಬುಗಳ್ಳತನ ಅಲ್ಲಿ ಸಹಜವಾಗಿ ಜಾಸ್ತಿ. ದೂರು ತೆಗೆದುಕೊಳ್ಳುವ ಠಾಣೆಯ ಸಂಖ್ಯೆ ಏರುತ್ತದೆ, ಸುಮ್ನೆ ವಾಪಸ್ ಕಳಿಸುವ ಠಾಣೆಯ ಸಂಖ್ಯೆ ಇಳಿಯುತ್ತದೆ. ನೀವು ನೋಡಬೇಕಾದ್ದು ಎಂಥ ಅಪರಾಧ, ಎಷ್ಟು ಹೊತ್ತಿಗೆ ಅನ್ನುವುದನ್ನು. ಬೈಕ್ ಕಳ್ಳತನ ಜಾಸ್ತಿ ಇದ್ದರೆ ಒಳಗೆ ಪಾರ್ಕಿಂಗ್ ಇರುವ ಮನೆ ನೋಡಿ. ಬೀಗ ಹಾಕಿದ ಮನೆಗಳಿಗೆ ಕನ್ನ ಹಾಕಿರುವುದು ಜಾಸ್ತಿ ಇದ್ದರೆ ಮೂರ್ನಾಲ್ಕು ಸಂಸಾರ ಇರುವ ಕಟ್ಟಡ ಒಳ್ಳೆಯದು. ಸರಗಳ್ಳತನ ಇದ್ದರೆ ಅಮ್ಮ ಬೆಳಗ್ಗೆ ವಾಕಿಂಗ್ ಹೋಗುವ ದಾರಿಯ ಬಗ್ಗೆ ಯೋಚಿಸಿ.

ಠಾಣೆಗೆ ಒಮ್ಮೆ ಹೋಗಿಬರುವುದು ಇನ್ನೂ ಒಳ್ಳೆಯದು. "ಈ ರಸ್ತೆಯಲ್ಲಿ ಮನೆ ನೋಡ್ತಾ ಇದ್ದೀವಿ, ಹೇಗಿದೆ?" ಅಂತ ನೇರವಾಗಿ ಕೇಳಿ. ಬೀಟ್ ಪೊಲೀಸರು, ಅಂದರೆ ಆ ಬೀದಿಗಳಿಗೆ ಗಸ್ತು ತಿರುಗುವವರು, ಯಾವ ಮೂಲೆಯಲ್ಲಿ ಏನಾಗುತ್ತದೆ ಅಂತ ಚೆನ್ನಾಗಿ ಬಲ್ಲರು. ಅವರು ನಿಮ್ಮ ಮಾತಿಗೆ ಹೇಗೆ ಉತ್ತರಿಸಿದರು ಅನ್ನುವುದೂ ಒಂದು ಮಾಹಿತಿಯೇ, ಅಲ್ವಾ? ನಾಳೆ ಕಷ್ಟ ಅಂತ ಹೋಗಬೇಕಾದ್ದು ಅದೇ ಠಾಣೆಗೆ.

4. ರಾತ್ರಿ ನಡೆಯಿರಿ

ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡಲು ನಿಮಗೆ ಸಮಯ ಇದ್ದರೆ ಇದನ್ನು ಮಾಡಿ.

ಮನೆ ತೋರಿಸುವವರು ಯಾವಾಗಲೂ ಭಾನುವಾರ ಹನ್ನೊಂದು ಗಂಟೆಗೆ ಕರೆಯುತ್ತಾರೆ. ಆ ಹೊತ್ತಿಗೆ ಎಲ್ಲ ಬೀದಿಯೂ ಚಂದ. ನೀವು ವಾರದ ದಿನ, ಮನೆಗೆ ವಾಪಸಾಗುವ ಹೊತ್ತಿಗೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಬಸ್ ಸ್ಟಾಪ್ ಅಥವಾ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮನೆ ಗೇಟಿನವರೆಗೆ ನಡೆಯಿರಿ. ಆಟೊ ಬೇಡ, ಬೈಕ್ ಬೇಡ. ಭಯ, ಕಿರುಕುಳ ಎದುರಾಗಬಹುದಾದ ಜಾಗ ಈ ಕೊನೆಯ ಅರ್ಧ ಕಿಲೋಮೀಟರ್.

ಏನೇನು ನೋಡಬೇಕು? ಮೊದಲು ದೀಪ. ಕಂಬ ಇದೆಯಾ ಅಂತಲ್ಲ, ಉರಿಯುತ್ತಿದೆಯಾ ಅಂತ ನೋಡಿ. ಮರದ ಕೊಂಬೆ ಮುಚ್ಚಿಕೊಂಡು ಬೆಳಕೆಲ್ಲ ಮೇಲೇ ಉಳಿದು ಕೆಳಗೆ ಕತ್ತಲು ಇರುವ ಕಂಬಗಳು ಹಳೆಯ ಬಡಾವಣೆಗಳಲ್ಲಿ ತುಂಬಾ. ಎದುರು ಬರುವವರ ಮುಖ ಇಪ್ಪತ್ತು ಹೆಜ್ಜೆ ದೂರದಿಂದ ಕಂಡರೆ ಬೆಳಕು ಸಾಕು. ಬರೀ ಆಕಾರ ಕಂಡರೆ ಸಾಲದು.

ಆಮೇಲೆ ಅಂಗಡಿ. ಮೆಡಿಕಲ್ ಶಾಪ್, ಕಾಂಡಿಮೆಂಟ್ಸ್, ದರ್ಶಿನಿ, ಹಾಲಿನ ಬೂತ್, ಇವು ಎಷ್ಟು ಹೊತ್ತಿನವರೆಗೆ ತೆಗೆದಿರುತ್ತವೆ? ರಾತ್ರಿ ಹತ್ತರವರೆಗೆ ತೆರೆದಿರುವ ಒಂದು ಮೆಡಿಕಲ್ ಶಾಪ್ ದಾರಿಯಲ್ಲಿದ್ದರೆ ಅದರ ಬೆಲೆ ನಾಲ್ಕು ಕ್ಯಾಮೆರಾಕ್ಕಿಂತ ಜಾಸ್ತಿ. ಯಾರೋ ಹಿಂದೆ ಬರುತ್ತಿದ್ದಾರೆ ಅನ್ನಿಸಿದರೆ ಒಳಗೆ ಹೋಗಿ ನಿಂತುಕೊಳ್ಳಬಹುದು. ಬಟ್ಟೆ ಅಂಗಡಿ, ಬ್ಯಾಂಕ್, ಗೋಡೌನ್‌ಗಳ ಸಾಲು ಹಗಲು ಗಿಜಿಗುಟ್ಟುತ್ತದೆ, ಎಂಟೂವರೆಗೆ ಶಟರ್ ಎಳೆದಮೇಲೆ ಬಿಕೋ ಅನ್ನುತ್ತದೆ. ಮದ್ಯದಂಗಡಿ ಇದ್ದರೆ ಅದು ಮುಚ್ಚುವ ಹೊತ್ತಿಗೆ ಒಮ್ಮೆ ಹಾದುಹೋಗಿ. ಅಂಗಡಿ ಎದುರಿನ ಫುಟ್‌ಪಾತ್ ಮೇಲೇ ಕುಡಿಯುತ್ತಾ ನಿಲ್ಲುತ್ತಾರೋ, ತೆಗೆದುಕೊಂಡು ಹೋಗುತ್ತಾರೋ ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಇನ್ನು ಗೋಡೆ. ರಸ್ತೆಯ ಎರಡೂ ಕಡೆ ಉದ್ದಕ್ಕೆ ಕಾಂಪೌಂಡ್ ಗೋಡೆಯೇ ಇದ್ದರೆ, ಅದು ಅಪಾರ್ಟ್‌ಮೆಂಟಿನದಾಗಲಿ ಕಾರ್ಖಾನೆಯದಾಗಲಿ, ನಿಮ್ಮನ್ನು ನೋಡುವ ಕಿಟಕಿ ಒಂದೂ ಇರುವುದಿಲ್ಲ. ಕೂಗಿದರೆ ಕೇಳುವವರಿಲ್ಲ. ಗೇಟೆಡ್ ಸಮುಚ್ಚಯದ ಒಳಗೆ ಬಿಗಿ ಭದ್ರತೆ ಇದ್ದರೂ ಅದರ ಹೊರಗಿನ ರಸ್ತೆ ಇಂಥದ್ದೇ ಆಗಿರುವುದು ಬೆಂಗಳೂರಿನ ಹೊರವಲಯದಲ್ಲಿ ಮಾಮೂಲು. ಮನೆಗಳ ಬಾಲ್ಕನಿ, ಬಾಗಿಲು ರಸ್ತೆಗೆ ಮುಖ ಮಾಡಿರುವ ಬೀದಿ ಆರಿಸಿ. ಪೊದೆ ಬೆಳೆದ ಖಾಲಿ ಸೈಟ್, ಅರ್ಧಕ್ಕೆ ನಿಂತ ಕಟ್ಟಡ, ರೈಲ್ವೆ ಹಳಿ ಕೆಳಗಿನ ಸಬ್‌ವೇ ದಾರಿಯಲ್ಲಿದ್ದರೆ ಬದಲಿ ದಾರಿ ಇದೆಯಾ ನೋಡಿ. ಮಲ್ಲೇಶ್ವರದಂಥ ಹಳೆಯ ಕಡೆ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಇರುತ್ತದೆ. ಹಿಂದಿನ ಕಾಲದಲ್ಲಿ ಶೌಚ ಸ್ವಚ್ಛ ಮಾಡಲು ಬಿಟ್ಟ ಕಿರುದಾರಿ ಅದು. ನಿಮ್ಮ ಅಡುಗೆಮನೆ ಬಾಗಿಲು ಆ ಕಡೆ ತೆರೆಯುವುದಾದರೆ ಅದಕ್ಕೂ ಮುಂಬಾಗಿಲಿನಷ್ಟೇ ಗಟ್ಟಿ ಚಿಲಕ ಬೇಕು.

ಫುಟ್‌ಪಾತನ್ನು ಕಾಲಿನಿಂದಲೇ ಪರೀಕ್ಷಿಸಿ. ಚಪ್ಪಡಿ ಎದ್ದಿದೆಯಾ? ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು ನಿಮ್ಮನ್ನು ರಸ್ತೆಗೆ ಇಳಿಸುತ್ತದೆಯಾ? ತಂತಿ ಜೋತಾಡುತ್ತಿದೆಯಾ? 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಹತ್ತಿರದ ಹೋಪ್‌ಫಾರ್ಮ್ ಬಳಿ ನಸುಕಿನಲ್ಲಿ ನಡೆದು ಹೋಗುತ್ತಿದ್ದ ತಾಯಿ, ಫುಟ್‌ಪಾತ್ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ಒಂಬತ್ತು ತಿಂಗಳ ಮಗುವಿನ ಸಮೇತ ಸತ್ತಳು. ಸೇಫ್ ಅಂದಾಗ ನಾವು ಕಳ್ಳರ ಬಗ್ಗೆ ಮಾತ್ರ ಯೋಚಿಸುತ್ತೇವೆ. ಈ ಊರಿನಲ್ಲಿ ತಂತಿ, ಗುಂಡಿ, ನೀರು ಕೂಡ ಜೀವ ತೆಗೆದಿವೆ.

ನಡೆದ ಮೇಲೆ ಜೊತೆಗಿದ್ದವರನ್ನು ಕೇಳಿ, ಎಲ್ಲಿ ಹೆಜ್ಜೆ ಜೋರಾಯಿತು ಅಂತ. ಆ ಮನೆಯಲ್ಲಿ ಇರಬೇಕಾದವಳು ಮಗಳು ಅಂದರೆ ತೀರ್ಮಾನ ಅವಳದ್ದೇ ಆಗಿರಲಿ. ಅಪ್ಪ, ಅಣ್ಣನಿಗೆ ಏನೂ ಅನ್ನಿಸದ ರಸ್ತೆ ಅವಳಿಗೆ ಬೇರೆ ಥರ ಕಾಣುತ್ತದೆ. ಅವಳು ಬೇಡ ಅಂದರೆ ವಾದ ಮಾಡಬೇಡಿ.

5. ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ?

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ತಪ್ಪಿಸಿಕೊಳ್ಳಲಾಗದ ಅಪಾಯ ಇದು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತಂದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ ಅದೇ ಆಯಿತು. 2025ರ ಮೇನಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮುಳುಗಿತು.

ಕಾರಣ ನೆಲದಲ್ಲೇ ಇದೆ. ಈ ಊರು ಏರುತಗ್ಗಿನ ಜಾಗದಲ್ಲಿ ಕೆರೆಗಳ ಸರಪಳಿ ಕಟ್ಟಿಕೊಂಡು ಬೆಳೆಯಿತು. ಒಂದು ಕೆರೆ ತುಂಬಿದರೆ ಕೋಡಿ ಹರಿದು ರಾಜಕಾಲುವೆ ಮೂಲಕ ಮುಂದಿನ ಕೆರೆಗೆ ನೀರು ಹೋಗುತ್ತಿತ್ತು. ರಾಜಕಾಲುವೆ ಅಂದರೆ ಮಳೆನೀರು ಸಾಗಿಸುವ ದೊಡ್ಡ ಕಾಲುವೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಕಾಲುವೆ ಕಿರಿದಾಯಿತು, ಕೆರೆ ಮಾಯವಾಯಿತು, ನೀರು ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ.

ಹಾಗಾಗಿ ಮನೆ ನೋಡುವಾಗ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆಗೆದು ನೀವು ನಿಂತ ಜಾಗ ಹುಡುಕಿ. ಹಳೆಯ ಗ್ರಾಮ ನಕ್ಷೆಯ ಮೇಲೆ ಸರ್ವೆ ನಂಬರ್, ಪಕ್ಕದಲ್ಲಿ ಕೆರೆ ಅಥವಾ ಕಾಲುವೆ ಇದ್ದರೆ ಅದೂ ಕಾಣುತ್ತದೆ. ಟ್ಯಾಂಕ್ ಬಂಡ್ ರಸ್ತೆ, ಕೆರೆಕೋಡಿ ರಸ್ತೆ ಅನ್ನುವ ಬೋರ್ಡ್ ಕಂಡರೂ ಸ್ವಲ್ಪ ಹುಷಾರಾಗಿರಿ.

ಆಮೇಲೆ ಕಣ್ಣಿಗೆ ಕೆಲಸ ಕೊಡಿ. ಕಾಂಪೌಂಡ್ ಗೋಡೆಯ ಮೇಲೆ ಮೊಣಕಾಲು ಎತ್ತರದಲ್ಲಿ ಒಂದೇ ಮಟ್ಟಕ್ಕೆ ಕಂದು ಗೆರೆ ಇದೆಯಾ? ಹೊಸದಾಗಿ ಬಣ್ಣ ಬಳಿದಿದ್ದರೆ ಪಕ್ಕದ ಮನೆಯ ಗೋಡೆ, ಎದುರಿನ ಖಾಲಿ ಸೈಟಿನ ಗೋಡೆ ನೋಡಿ. ಅಲ್ಲಿ ಯಾರೂ ಬಣ್ಣ ಬಳಿದಿರುವುದಿಲ್ಲ. ಗೇಟಿನ ಅಡಿಯಲ್ಲಿ ಒಂದೂವರೆ ಅಡಿ ಸಿಮೆಂಟ್ ಕಟ್ಟೆ ಕಟ್ಟಿದ್ದಾರಾ? ಸಂಪಿನ ಬಾಯಿ, ಅಂದರೆ ನೆಲದಡಿಯ ನೀರಿನ ತೊಟ್ಟಿಯ ಬಾಯಿ, ನೆಲಮಟ್ಟದಿಂದ ಎತ್ತರಿಸಿದ್ದಾರಾ? ಬೀದಿಯ ನೆಲಮಹಡಿ ಮನೆಗಳಿಗೆಲ್ಲ ಟು-ಲೆಟ್ ಬೋರ್ಡ್ ನೇತಾಡುತ್ತಿದೆಯಾ? ಮೀಟರ್ ಬೋರ್ಡ್ ಯಾವ ಎತ್ತರದಲ್ಲಿದೆ? ಇವೆಲ್ಲ ಬೀದಿಯವರು ಬಾಯಿಬಿಟ್ಟು ಹೇಳದ ಸತ್ಯ ಹೇಳುತ್ತವೆ. ಅನುಮಾನ ಬಂದರೆ ಮೊದಲ ಮಹಡಿಯ ಮೇಲೇ ಮನೆ ನೋಡಿ, ಬೇಸ್‌ಮೆಂಟ್ ಪಾರ್ಕಿಂಗ್ ನಂಬಬೇಡಿ.

ದಿನಾ ಹೋಗುವ ದಾರಿಯಲ್ಲಿ ಅಂಡರ್‌ಪಾಸ್ ಇದ್ದರೆ ಜೋರು ಮಳೆಗೆ ಅದು ಮುಚ್ಚಿದಾಗ ಬೇರೆ ದಾರಿ ಯಾವುದು ಅಂತ ಈಗಲೇ ಗೊತ್ತುಮಾಡಿಕೊಳ್ಳಿ. 2023ರ ಮೇನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಅದು ಊರಾಚೆ ಅಲ್ಲ, ವಿಧಾನಸೌಧದ ಹತ್ತಿರ.

6. ಕಟ್ಟಡ, ಪಿಜಿ, ಬಾಗಿಲು

ರಸ್ತೆ ಒಪ್ಪಿಗೆಯಾದ ಮೇಲೆ ಮನೆ. ಒಳಗಿನ ಟೈಲ್ಸ್ ಆಮೇಲೆ ನೋಡೋಣ. ಮೊದಲು ಹೊರಗೆ ನಿಂತು ತಲೆ ಎತ್ತಿ. ಮೂವತ್ತಕ್ಕೆ ನಲವತ್ತು ಅಡಿಯ ಚಿಕ್ಕ ಸೈಟಿನಲ್ಲಿ ಐದಾರು ಮಹಡಿ ಎದ್ದಿದೆಯಾ? ಮೇಲಿನ ಎರಡು ಮಹಡಿ ಆಮೇಲೆ ಸೇರಿಸಿದ ಹಾಗೆ ಕಾಣುತ್ತದೆಯಾ? ಪಕ್ಕದಲ್ಲಿ ಪಾಯ ಅಗೆಯುತ್ತಿದ್ದಾರಾ? 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಹಲವು ಕಾರ್ಮಿಕರು ಸತ್ತರು. ಬಾಲ್ಕನಿಯಿಂದ ಕೈ ಚಾಚಿದರೆ ವಿದ್ಯುತ್ ತಂತಿ ಸಿಗುವ ಹಾಗಿದ್ದರೆ ಆ ಮನೆ ಬೇಡವೇ ಬೇಡ. ಬಾಡಿಗೆ ಎಷ್ಟೇ ಕಡಿಮೆ ಇರಲಿ.

ಒಳಗೆ ಹೋದಮೇಲೆ ಮೆಟ್ಟಿಲು ಇಳಿಯಲು ಅಡ್ಡಿ ಇಲ್ಲವೇ, ಟೆರೇಸ್ ಬಾಗಿಲಿಗೆ ಬೀಗ ಇದೆಯೇ, ಪಕ್ಕದ ಕಟ್ಟಡದ ಮಾಳಿಗೆಯಿಂದ ನಿಮ್ಮ ಮಾಳಿಗೆಗೆ ಒಂದು ಹೆಜ್ಜೆಯಲ್ಲಿ ದಾಟಬಹುದೇ ಅಂತ ನೋಡಿ. ಬೆಂಗಳೂರಿನ ಮನೆಗಳು ಎಷ್ಟು ಅಂಟಿಕೊಂಡಿರುತ್ತವೆ ಅಂದರೆ ಮುಂಬಾಗಿಲಿಗೆ ಗ್ರಿಲ್ ಹಾಕಿ ಮಾಳಿಗೆ ಬಾಗಿಲಿಗೆ ಪ್ಲೈವುಡ್ ಬಿಟ್ಟಿರುವುದು ಸಾಮಾನ್ಯ. ಎಲ್ಲ ಕಿಟಕಿಗೂ ಕಂಬಿ ಇದ್ದರೆ, ಬೆಂಕಿ ಬಿದ್ದಾಗ ಹೊರಗೆ ಬರಲು ಎರಡನೇ ದಾರಿ ಯಾವುದು ಅಂತಲೂ ಕೇಳಿ.

ಪಿಜಿ ಹುಡುಕುವವರಿಗೆ ಇನ್ನೊಂದು ಮಾತು. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದಕ್ಕೆ ಹೊರಗಿನವನೊಬ್ಬ ನುಗ್ಗಿ ಯುವತಿಯನ್ನು ಕೊಂದ. ಅದಾದ ಮುಂದಿನ ತಿಂಗಳು ಅಂದಿನ ಬಿಬಿಎಂಪಿ, ಅಂದರೆ ಬೆಂಗಳೂರಿನ ಮಹಾನಗರ ಪಾಲಿಕೆ, ಪಿಜಿಗಳಿಗೆ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಒಳಬರುವ ಹೊರಹೋಗುವ ಕಡೆ ಸಿಸಿಟಿವಿ, ಬೆಂಕಿಯಿಂದ ರಕ್ಷಣೆಯ ವ್ಯವಸ್ಥೆ ಇರಬೇಕು ಅಂತ. ಪಿಜಿ ಮಾಲೀಕರಿಗೆ ಲೈಸೆನ್ಸ್ ತೋರಿಸಿ ಅನ್ನಿ. ಕ್ಯಾಮೆರಾ ಇದ್ದರೆ ಸಾಲದು, ಅದರ ಪರದೆ ಯಾರ ಎದುರಿಗಿದೆ ಕೇಳಿ. ರಾತ್ರಿ ಬಾಗಿಲಲ್ಲಿ ಯಾರಿರುತ್ತಾರೆ? ಡೆಲಿವರಿ ಹುಡುಗರು ಎಲ್ಲಿಯವರೆಗೆ ಬರುತ್ತಾರೆ? ಬಿಟ್ಟುಹೋದವರ ಬೆರಳಚ್ಚು, ಕೀ ಕಾರ್ಡ್ ತೆಗೆದುಹಾಕುತ್ತಾರಾ? ಕೊನೆಯ ಪ್ರಶ್ನೆಗೆ ತಡವರಿಸುವವರೇ ಜಾಸ್ತಿ.

7. ಬೀದಿಯವರನ್ನು ಕೇಳಿ

ಮಾಲೀಕರು, ಬ್ರೋಕರ್ ಹೇಳುವುದನ್ನು ಕೇಳಿಸಿಕೊಳ್ಳಿ, ಸಾಕು. ನಿಜ ಗೊತ್ತಿರುವುದು ಇಸ್ತ್ರಿ ಗಾಡಿಯವರಿಗೆ, ಮನೆಕೆಲಸಕ್ಕೆ ಬರುವ ಹೆಂಗಸರಿಗೆ, ಬೆಳಗ್ಗೆ ಹಾಲು ಹಾಕುವವರಿಗೆ. ಇಡೀ ದಿನ ಬೀದಿಯಲ್ಲೇ ಇರುವವರು ಅವರು. "ಈ ಏರಿಯಾ ಸೇಫಾ?" ಅಂತ ಕೇಳಿದರೆ ಎಲ್ಲರೂ "ಏನೂ ತೊಂದ್ರೆ ಇಲ್ಲ" ಅನ್ನುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಹೋದ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂತು? ಈ ಮನೆ ಹಿಂದಿನ ಬಾಡಿಗೆಯವರು ಯಾಕೆ ಬಿಟ್ಟರು? ನಿಮ್ಮ ಮಗಳು ಟ್ಯೂಷನ್‌ನಿಂದ ಎಷ್ಟು ಹೊತ್ತಿಗೆ ಬರುತ್ತಾಳೆ, ಕರೆದುಕೊಂಡು ಬರಲು ಯಾರಾದರೂ ಹೋಗುತ್ತಾರಾ? ಇಂಥ ಪ್ರಶ್ನೆಗೆ ಇಂಥದ್ದೇ ಉತ್ತರ ಬರುತ್ತದೆ.

ಒಂದು ವಿಷಯ ಸ್ಪಷ್ಟವಾಗಿ ಹೇಳಲೇಬೇಕು. "ಅಲ್ಲಿ ಇಂಥ ಜನ ಜಾಸ್ತಿ, ಹೋಗಬೇಡಿ" ಅಂತ ಧರ್ಮ, ಜಾತಿ, ಭಾಷೆ ಹಿಡಿದು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಪಕ್ಕದಲ್ಲಿ ಕೊಳೆಗೇರಿ ಇದೆ ಅಂತ ಹೆದರಿಸುವವರೂ ಇದ್ದಾರೆ. ಅದನ್ನು ತಲೆಗೆ ಹಾಕಿಕೊಳ್ಳಬೇಡಿ. ಬಡವರು ಇರುವ ಬೀದಿಯಲ್ಲಿ ಜನ ಹೊರಗೆ ಕೂರುತ್ತಾರೆ, ಮಕ್ಕಳು ಆಡುತ್ತಾರೆ, ಹೊಸಬರು ಬಂದರೆ ಗೊತ್ತಾಗುತ್ತದೆ. ಅದೆಲ್ಲ ನಿಮಗೆ ರಕ್ಷಣೆ. ಯಾರಾದರೂ ಬೇಡ ಅಂದರೆ "ಅಲ್ಲಿ ಏನಾಯ್ತು, ಯಾವಾಗ ಆಯ್ತು?" ಅಂತ ಕೇಳಿ. ಉತ್ತರ ಇಲ್ಲದಿದ್ದರೆ ಅದು ಬರೀ ಪೂರ್ವಗ್ರಹ.

8. ದುಡ್ಡು ಕೊಡುವ ಮುಂಚೆ

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಹಳೆಯದು. ಈಗ ಐದಾರು ತಿಂಗಳಿಗೆ, ಕೆಲವು ಕಡೆ ಎರಡು ಮೂರು ತಿಂಗಳಿಗೆ ಒಪ್ಪುತ್ತಾರೆ. ಚೌಕಾಸಿ ಮಾಡಿ. ದೊಡ್ಡ ಅಡ್ವಾನ್ಸ್ ಸಿಕ್ಕಿಹಾಕಿಕೊಂಡರೆ ರಸ್ತೆ ಸರಿಯಿಲ್ಲ ಅಂತ ಗೊತ್ತಾದರೂ ಬಿಡಲು ಆಗುವುದಿಲ್ಲ. ಕರಾರಿನಲ್ಲಿ ಲಾಕ್-ಇನ್, ಅಂದರೆ ಇಷ್ಟು ತಿಂಗಳು ಬಿಡುವಂತಿಲ್ಲ ಅನ್ನುವ ಷರತ್ತು, ಇದ್ದರೆ ತೆಗೆಸಿ. ಒಂದು ತಿಂಗಳ ನೋಟಿಸ್ ಸಾಕು ಅಂತ ಬರೆಸಿ.

ಮನೆ ನೋಡುವ ಮೊದಲೇ ಗೇಟ್ ಪಾಸ್, ಟೋಕನ್ ಅಂತ ಆನ್‌ಲೈನ್‌ನಲ್ಲಿ ದುಡ್ಡು ಕೇಳುವುದು ಮೋಸ. ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಬೇಗ ಕಳಿಸಿ ಅನ್ನುವ ಕಥೆಯೂ ಅದೇ. ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಭೋಗ್ಯಕ್ಕೆ, ಅಂದರೆ ಲಕ್ಷಗಟ್ಟಲೆ ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುವ ಲೆಕ್ಕಕ್ಕೆ, ಹೋಗುವವರು ಋಣಭಾರ ಪತ್ರ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮನೆಯನ್ನು ನೋಂದಣಿ ಮಾಡಿ ಬ್ಯಾಂಕಿಗೆ ಅಡವಿಟ್ಟಿದ್ದರೆ ಅದರಲ್ಲಿ ಕಾಣುತ್ತದೆ. ಕರಾರಿಗೆ ಸಹಿ ಹಾಕುವವರು ಮಾಲೀಕರೇ ಹೌದಾ, ಮಧ್ಯವರ್ತಿಯಾ ಅಂತ ಗುರುತಿನ ಚೀಟಿ, ತೆರಿಗೆ ರಸೀದಿ ಎರಡನ್ನೂ ನೋಡಿ.

9. ಮನೆ ಹೊಕ್ಕ ಮೊದಲ ವಾರ

ಮುಂಬಾಗಿಲಿನ ಬೀಗ ಬದಲಿಸಿ. ಹಳೆಯ ಕೀ ಎಷ್ಟು ಜನರ ಹತ್ತಿರ ಇದೆಯೋ ಯಾರಿಗೂ ಗೊತ್ತಿರುವುದಿಲ್ಲ. ಅಕ್ಕಪಕ್ಕದ ಎರಡು ಮನೆಯವರ ಫೋನ್ ನಂಬರ್ ತೆಗೆದುಕೊಳ್ಳಿ, ನಿಮ್ಮದನ್ನೂ ಕೊಡಿ.

ಫೋನಿನಲ್ಲಿ ಈ ನಂಬರ್‌ಗಳು ಇರಲಿ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲದಕ್ಕೂ ತುರ್ತಿಗೆ 112. ಗಸ್ತಿನ ಹೊಯ್ಸಳ ವಾಹನ ಬರುವುದೂ ಇದರಿಂದಲೇ. ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯರಿಗೆ 14567. ತಂತಿ ತುಂಡಾದರೆ, ಕಂಬದಲ್ಲಿ ಕಿಡಿ ಬಂದರೆ ವಿದ್ಯುತ್ ಕಂಪನಿ ಬೆಸ್ಕಾಂನ 1912. ಬೀದಿದೀಪ, ಚರಂಡಿ, ಬಿದ್ದ ಮರಕ್ಕೆ ಪಾಲಿಕೆಯ 1533. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ಮನೆ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ ಇವುಗಳಲ್ಲಿ ಯಾವುದಕ್ಕೆ ಬರುತ್ತದೆ ಅಂತ ತಿಳಿದಿದ್ದರೆ ದೂರು ಕೊಡುವುದು ಸುಲಭ. ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ತುರ್ತು ಬಟನ್ ಇದೆ, ಅದನ್ನೂ ಹಾಕಿಕೊಳ್ಳಿ.

ಉರಿಯದ ದೀಪ ಕಂಡರೆ ಕಂಬದ ಮೇಲಿನ ನಂಬರ್ ಬರೆದುಕೊಂಡು ದೂರು ಕೊಡಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಕೊಡಿ, ಪಕ್ಕದ ಮನೆಯವರಿಂದಲೂ ಕೊಡಿಸಿ.

ಹಬ್ಬಕ್ಕೆ ಊರಿಗೆ ಹೊರಟಾಗ ಠಾಣೆಗೆ ತಿಳಿಸಿ, ಗಸ್ತಿನವರು ಆ ಕಡೆ ಒಂದು ಕಣ್ಣಿಡುತ್ತಾರೆ. ಪೇಪರ್, ಹಾಲು ನಿಲ್ಲಿಸಿ. ಪ್ರಯಾಣದ ಫೋಟೊ ವಾಪಸ್ ಬಂದಮೇಲೆ ಹಾಕಿ. ಹೊರಗಿನ ಲೈಟನ್ನು ಹಗಲೂ ರಾತ್ರಿ ಉರಿಯಲು ಬಿಡಬೇಡಿ. ಮಧ್ಯಾಹ್ನ ಉರಿಯುವ ಲೈಟ್ ನೋಡಿದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಅಗ್ಗದ ಟೈಮರ್ ಸ್ವಿಚ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸಂಜೆ ಆರೂವರೆಗೆ ಹೊತ್ತಿ ಹನ್ನೊಂದಕ್ಕೆ ಆರುವ ಹಾಗೆ ಅದನ್ನು ಇಟ್ಟು ಹೋಗಿ.